ಚೈನ್ ಕನ್ವೇಯರ್ ಪದೇ ಪದೇ ಕೈಕೊಡುತ್ತಿದ್ದರೆ: ಮುರಿದ ತುಂಡಿನಿಂದ ಕಾರಣ ಹಿಡಿಯುವುದು

ಕನ್ವೇಯರ್ ಚೈನ್ ತುಂಡಾದಾಗ ಎಲ್ಲ ಕಡೆ ಆಗುವುದು ಒಂದೇ. ಮುರಿದ ಲಿಂಕನ್ನು ಬಿಚ್ಚಿ ಗುಜರಿ ಡಬ್ಬಕ್ಕೆ ಹಾಕುತ್ತಾರೆ. ಹೊಸ ಲಿಂಕ್ ಸೇರಿಸಿ ಸ್ವಿಚ್ ಒತ್ತುತ್ತಾರೆ. ಲೈನ್ ನಿಂತಿರುತ್ತದೆ, ಮೇಲಿನವರು ಫೋನ್ ಮಾಡುತ್ತಲೇ ಇರುತ್ತಾರೆ, ಅವಸರ ಅರ್ಥವಾಗುತ್ತದೆ. ಆದರೆ ಆ ತುಂಡಿನ ಜೊತೆ ಕಾರಣವೂ ಗುಜರಿಗೆ ಹೋಯಿತು. ಕೆಲವು ತಿಂಗಳಾದ ಮೇಲೆ ಅದೇ ಜಾಗ ಮತ್ತೆ ಮುರಿದಾಗ "ಈ ಸಲ ದಪ್ಪ ಪ್ಲೇಟು ಹಾಕಿಸೋಣ" ಅನ್ನುವ ಮಾತು ಹುಟ್ಟುವುದು ಹೀಗೆ.

ನಾನೂ ಹಾಗೆ ಮಾಡಿದವನೇ. ಎರಡು ಸಾಲು ಚೈನಿನ ಮೇಲೆ ಅಡ್ಡ ಪಟ್ಟಿ ಕೂರಿಸಿದ ಸ್ಲ್ಯಾಟ್ ಕನ್ವೇಯರ್ ಅದು. ಯಾವಾಗಲೂ ಒಂದೇ ಬದಿಯ ಪ್ಲೇಟು ಬಿರುಕು ಬಿಡುತ್ತಿತ್ತು. 8 ಮಿ.ಮೀ. ಪ್ಲೇಟನ್ನು 10 ಮಿ.ಮೀ. ಮಾಡಿಸಿದೆ. ಚೈನ್ ಭಾರವಾಯಿತು, ಮೋಟಾರು ಇನ್ನಷ್ಟು ಕರೆಂಟ್ ಎಳೆಯಿತು, ಬಿರುಕು ಮಾತ್ರ ನಿಲ್ಲಲಿಲ್ಲ. ಕೊನೆಗೆ ಸಿಕ್ಕ ಕಾರಣ ನೋಡಿ ನಾಚಿಕೆಯಾಯಿತು. ಚೈನನ್ನು ಎಳೆಯುವ ತುದಿಯ ಹೆಡ್ ಶಾಫ್ಟಿನ ಎರಡು ಹಲ್ಲಿನ ಚಕ್ರಗಳಲ್ಲಿ, ಅಂದರೆ ಸ್ಪ್ರಾಕೆಟ್‌ಗಳಲ್ಲಿ ಕೀವೇ (ಶಾಫ್ಟಿಗೆ ಬಿಗಿಯುವ ಕೀ ಕೂರುವ ಸೀಳು) ಕೊರೆದ ಜಾಗ ಹಲ್ಲಿನ ಲೆಕ್ಕಕ್ಕೆ ಒಂದೇ ಥರ ಇರಲಿಲ್ಲ. ಒಂದರ ಹಲ್ಲು ಇನ್ನೊಂದಕ್ಕಿಂತ ಸ್ವಲ್ಪ ಮುಂದೆ ನಿಂತಿತ್ತು. ಎಳೆಯುವ ಭಾರವೆಲ್ಲ ಒಂದೇ ಚೈನಿನ ಪಾಲಾಗಿತ್ತು. ಪ್ಲೇಟು ಎಷ್ಟೇ ದಪ್ಪವಾದರೂ ಆ ಲೆಕ್ಕ ಬದಲಾಗುವುದಿಲ್ಲ, ಅಲ್ವಾ?

ಅದಕ್ಕೇ ಈ ಬರಹದಲ್ಲಿ ಬಾಳಿಕೆ ಬರುವ ಭಾಗದ ವಿನ್ಯಾಸದ ಮಾತನ್ನು ಕೆಟ್ಟ ಭಾಗದಿಂದಲೇ ಶುರು ಮಾಡಿದ್ದೇನೆ.

ಕೈ ಹಾಕುವ ಮುಂಚೆ

ಮುಖ್ಯ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಕರೆಂಟ್ ಹೋಯಿತು ಅಂದ ಮಾತ್ರಕ್ಕೆ ಚೈನ್ ಸುಮ್ಮನಿರುತ್ತದೆ ಅಂದುಕೊಳ್ಳಬೇಡಿ. ಬಿಗಿಯಾಗಿರುವ ಚೈನಿನ ಪಿನ್ ಹೊರಬಂದ ಕ್ಷಣ ತುದಿ ಚಾಟಿಯಂತೆ ಬೀಸುತ್ತದೆ. ಇಳಿಜಾರಿನ ಕನ್ವೇಯರ್ ಆದರೆ ಸರಕಿನ ಸಮೇತ ಕೆಳಗೆ ಓಡುತ್ತದೆ. ತೂಕ ನೇತುಹಾಕಿದ ಟೇಕಪ್ (ಚೈನನ್ನು ಬಿಗಿಯಾಗಿಡುವ ಏರ್ಪಾಡು) ಇದ್ದರೆ ಮೊದಲು ಆ ತೂಕಕ್ಕೆ ಆಸರೆ ಕೊಡಿ. ಬಿಚ್ಚುವ ಲಿಂಕಿನ ಎರಡೂ ಕಡೆ ಚೈನನ್ನು ಫ್ರೇಮಿಗೆ ಕಟ್ಟಿ, ಆಮೇಲೆ ಸುತ್ತಿಗೆ ಹಿಡಿಯಿರಿ.

ತುಂಡನ್ನು ತೆಗೆಯುವಾಗ ಅದು ಓಡುತ್ತಿದ್ದ ದಿಕ್ಕು, ಎಡವೋ ಬಲವೋ, ಮೇಲ್ಮುಖ ಯಾವುದು ಎಂದು ಪೇಂಟಿನಲ್ಲಿ ಗುರುತು ಹಾಕಿ. ಫೋಟೋ ತೆಗೆಯಿರಿ. ಮುರಿದ ಎರಡು ಮುಖಗಳನ್ನು ಜೋಡಿಸಿ ನೋಡುವ ಚಟ ಎಲ್ಲರಿಗೂ ಇದೆ, ಮಾಡಬೇಡಿ. ಉಜ್ಜಿದರೆ ಮುರಿತದ ಗುರುತು ಅಳಿಸಿಹೋಗುತ್ತದೆ. ಮುಖಕ್ಕೆ ಸ್ವಲ್ಪ ಆಯಿಲ್ ಸವರಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಬಿಡಿ.

ಇನ್ನೂ ಓಡುತ್ತಿದ್ದರೆ, ನಿಂತು ಎಣಿಸಿ

ಚೈನ್ ಪೂರ್ತಿ ಮುರಿಯುವ ಮೊದಲೇ ಜಗ್ಗಲು, ಟಕ್ ಅನ್ನಲು ಶುರು ಮಾಡಿರುತ್ತದೆ. ಆ ಸದ್ದಿಗೊಂದು ತಾಳ ಇರುತ್ತದೆ. ಗಡಿಯಾರ ಹಿಡಿದು ಎಣಿಸಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಉದಾಹರಣೆ. 100 ಮಿ.ಮೀ. ಪಿಚ್ (ಒಂದು ಪಿನ್ನಿನ ಕೇಂದ್ರದಿಂದ ಮುಂದಿನ ಪಿನ್ನಿನ ಕೇಂದ್ರಕ್ಕಿರುವ ಅಂತರ), 8 ಹಲ್ಲಿನ ಸ್ಪ್ರಾಕೆಟ್, ನಿಮಿಷಕ್ಕೆ 6 ಸುತ್ತು, ಚೈನಿನ ಒಟ್ಟು ಸುತ್ತಳತೆ 20 ಮೀಟರ್ ಅಂದುಕೊಳ್ಳಿ. ನಿಮಿಷಕ್ಕೆ 48 ಸಲ ಜಗ್ಗಿದರೆ ಅದು ಪ್ರತಿ ಹಲ್ಲಿಗೂ ಆಗುತ್ತಿರುವ ಜಗ್ಗಾಟ. 24 ಸಲ ಆದರೆ ಒಂದು ಹಲ್ಲು ಬಿಟ್ಟು ಒಂದು. 6 ಸಲ ಆದರೆ ಸ್ಪ್ರಾಕೆಟ್ಟಿನ ಪ್ರತಿ ಸುತ್ತಿಗೆ ಒಮ್ಮೆ: ಶಾಫ್ಟ್ ಬಗ್ಗಿದೆ, ಸ್ಪ್ರಾಕೆಟ್ ಕೇಂದ್ರ ತಪ್ಪಿದೆ, ಇಲ್ಲವೇ ಒಂದು ಹಲ್ಲು ಕೆಟ್ಟಿದೆ. ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಒಮ್ಮೆ ಬಂದರೆ ಅದು ಚೈನ್ ಪೂರ್ತಿ ಒಂದು ಸುತ್ತು ಬರುವ ಸಮಯ. ಎಲ್ಲೋ ಒಂದು ಲಿಂಕ್ ಹಿಡಿದುಕೊಂಡಿದೆ. ಆ ಒಂದನ್ನು ಹುಡುಕಿ, ಉಳಿದದ್ದಕ್ಕೆ ಕೈ ಹಚ್ಚಬೇಡಿ.

ಪ್ರತಿ ಹಲ್ಲಿಗೂ ಜಗ್ಗುತ್ತಿದ್ದರೆ ಅದು ರಿಪೇರಿಯ ವಿಷಯವೇ ಅಲ್ಲ, ವಿನ್ಯಾಸದ್ದು. ಚೈನ್ ಸ್ಪ್ರಾಕೆಟ್ಟಿನ ಮೇಲೆ ದುಂಡಗೆ ಸುತ್ತುವುದಿಲ್ಲ, ಬಹುಭುಜದಂತೆ ಮೂಲೆ ಮೂಲೆಯಾಗಿ ಸುತ್ತುತ್ತದೆ. ಹಾಗಾಗಿ ಶಾಫ್ಟ್ ಒಂದೇ ವೇಗದಲ್ಲಿ ತಿರುಗಿದರೂ ಚೈನಿನ ವೇಗ ಪ್ರತಿ ಹಲ್ಲಿಗೂ ಏರಿಳಿಯುತ್ತದೆ. 6 ಹಲ್ಲಿದ್ದರೆ ಈ ಏರಿಳಿತ ಸುಮಾರು 13 ಶೇಕಡಾ, 8 ಹಲ್ಲಿಗೆ 7.6, 12 ಹಲ್ಲಿಗೆ 3.4. ಜಾಗ ಉಳಿಸಲು 6 ಹಲ್ಲಿನ ಸ್ಪ್ರಾಕೆಟ್ ಹಾಕಿ ವೇಗ ಏರಿಸಿದ ಕನ್ವೇಯರಿಗೆ ಎಂಥ ಗಟ್ಟಿ ಪಿನ್ ಹಾಕಿದರೂ ಪೆಟ್ಟು ತಪ್ಪುವುದಿಲ್ಲ. ಹಲ್ಲು ಜಾಸ್ತಿ ಮಾಡಿ, ಇಲ್ಲವೇ ಪಿಚ್ ಚಿಕ್ಕದು ಮಾಡಿ, ಇಲ್ಲವೇ ವೇಗ ಇಳಿಸಿ.

ಯಾವ ತಾಳಕ್ಕೂ ಸಿಗದೆ ಚೈನ್ ನಿಂತು ನಿಂತು ಮುಂದೆ ಹಾರುತ್ತಿದೆಯೇ? ಉದ್ದವಾದ, ನಿಧಾನವಾಗಿ ಓಡುವ ಕನ್ವೇಯರಿನಲ್ಲಿ ಇದು ಸಾಮಾನ್ಯ. ಹಳಿ ಒಣಗಿದೆ, ಅಥವಾ ರೋಲರುಗಳು ಉರುಳದೆ ಜಾರುತ್ತಿವೆ. ರೋಲರಿನ ಮಾತು ಮುಂದೆ ಬರುತ್ತದೆ.

ಚೈನ್ ಉದ್ದವಾಗುವುದು ಎಂದರೆ ಏನು

"ಚೈನ್ ಹಿಗ್ಗಿದೆ" ಎನ್ನುತ್ತೇವೆ. ನಿಜಕ್ಕೂ ಪ್ಲೇಟು ರಬ್ಬರಿನಂತೆ ಹಿಗ್ಗುವುದಿಲ್ಲ. ಪಿನ್ನಿನ ಹೊರಮೈ, ಬುಶ್ಶಿನ (ಪಿನ್ ಕೂರುವ ಕೊಳವೆ) ಒಳಮೈ ಒಂದಕ್ಕೊಂದು ತಿಕ್ಕಿ ಸವೆಯುತ್ತವೆ. ಪ್ರತಿ ಕೀಲಿನಲ್ಲೂ ಅಷ್ಟಷ್ಟು ಸಡಿಲ ಸೇರಿ ಚೈನ್ ಉದ್ದವಾಗುತ್ತದೆ. ಪ್ಲೇಟೇ ಉದ್ದವಾಗಿದ್ದರೆ, ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ, ಅದು ಸವೆತ ಅಲ್ಲ. ಯಾವಾಗಲೋ ಒಮ್ಮೆ ಮಿತಿ ಮೀರಿದ ಎಳೆತ ಬಿದ್ದಿದೆ.

ಅಳೆಯುವಾಗ ಒಂದು ಸೂಕ್ಷ್ಮ ಇದೆ. ಚೈನಿನಲ್ಲಿ ಬುಶ್ ಇರುವ ಒಳ ಲಿಂಕ್, ಪಿನ್ ಇರುವ ಹೊರ ಲಿಂಕ್ ಒಂದಾದ ಮೇಲೆ ಒಂದು ಬರುತ್ತವೆ. ಒಳ ಲಿಂಕಿನಲ್ಲಿ ಎರಡು ಬುಶ್‌ಗಳ ನಡುವಿನ ಅಂತರ ಬದಲಾಗುವುದಿಲ್ಲ, ಅವು ಪ್ಲೇಟಿಗೆ ಬಿಗಿದಿರುತ್ತವೆ. ಸವೆತವೆಲ್ಲ ಹೊರ ಲಿಂಕಿನ ಕಡೆ ಕಾಣಿಸುತ್ತದೆ. 100 ಮಿ.ಮೀ. ಪಿಚ್ಚಿನ ಚೈನ್ 2 ಶೇಕಡಾ ಉದ್ದವಾಗಿದೆ ಅಂದರೆ ಸ್ಪ್ರಾಕೆಟ್ಟಿಗೆ ಒಂದು ಪಿಚ್ 100, ಮುಂದಿನದು 104, ಮತ್ತೆ 100, ಹೀಗೆ ಸಿಗುತ್ತದೆ. ಮೇಲೆ ಹೇಳಿದ "ಒಂದು ಹಲ್ಲು ಬಿಟ್ಟು ಒಂದು" ಜಗ್ಗಾಟದ ಮೂಲ ಇದೇ. ಹಾಗಾಗಿ ಯಾವಾಗಲೂ ಸರಿಸಂಖ್ಯೆಯ ಪಿಚ್ ಅಳೆಯಿರಿ. ಒಂದು ಲಿಂಕಿಗೆ ವರ್ನಿಯರ್ ಹಿಡಿಯುವುದು ದಂಡ. ಚೈನ್ ಬಿಗಿಯಲ್ಲಿರುವ ಕಡೆ 10 ಅಥವಾ 12 ಪಿಚ್ ಸೇರಿಸಿ, ಪಿನ್ನಿನ ಕೇಂದ್ರದಿಂದ ಪಿನ್ನಿನ ಕೇಂದ್ರಕ್ಕೆ ಸ್ಟೀಲ್ ಟೇಪು ಹಿಡಿಯಿರಿ. 1000 ಇರಬೇಕಾದದ್ದು 1020 ಬಂದರೆ 2 ಶೇಕಡಾ. ಚೈನಿನ ನಾಲ್ಕೈದು ಕಡೆ ಹೀಗೆ ಅಳೆಯಿರಿ. ಸಾಮಾನ್ಯವಾಗಿ 2ರಿಂದ 3 ಶೇಕಡಾ ಆದಾಗ ಚೈನ್ ಬದಲಿಸುತ್ತಾರೆ. ಸ್ಪ್ರಾಕೆಟ್ಟಿಗೆ ಹಲ್ಲು ಜಾಸ್ತಿ ಇದ್ದಷ್ಟೂ ಈ ಮಿತಿ ಕಡಿಮೆಯಾಗುತ್ತದೆ.

ಟೇಪು ಇಲ್ಲದಿದ್ದರೂ ಟೇಕಪ್ ನೋಡಿ ಅಂದಾಜು ಮಾಡಬಹುದು. ಟೈಲ್ ಶಾಫ್ಟ್ (ಹೆಡ್ ಶಾಫ್ಟಿನ ಎದುರು ತುದಿಯದು) 200 ಮಿ.ಮೀ. ಹಿಂದೆ ಸರಿದಿದೆ ಅಂದರೆ ಚೈನ್ 400 ಮಿ.ಮೀ. ಉದ್ದವಾಗಿದೆ, ಯಾಕೆಂದರೆ ಹೋಗುವ ಸಾಲು, ಬರುವ ಸಾಲು ಎರಡೂ ಇವೆ. 20 ಮೀಟರ್ ಚೈನಿಗೆ ಅದು 2 ಶೇಕಡಾ. ಟೇಕಪ್ ಕೊನೆ ಮುಟ್ಟಿತೆಂದು ಎರಡು ಪಿಚ್ ಕತ್ತರಿಸಿ ಮತ್ತೆ ಓಡಿಸುವವರು ಈ ಲೆಕ್ಕ ಮಾಡಿರುವುದಿಲ್ಲ. ಉದ್ದ ಸರಿಹೋಗುತ್ತದೆ, ಪಿಚ್ ಸರಿಹೋಗುವುದಿಲ್ಲ. ಚೈನ್ ಹಲ್ಲಿನ ಮೇಲಕ್ಕೆ ಏರುತ್ತಲೇ ಇರುತ್ತದೆ, ಒಂದು ದಿನ ಹಾರುತ್ತದೆ.

ಇನ್ನೊಂದು ಕೆಟ್ಟ ಅಭ್ಯಾಸ, ಚೈನ್ ಹಾರಿದ ತಕ್ಷಣ ಟೇಕಪ್ ಬಿಗಿಯುವುದು. ಬೇಕಿಲ್ಲದ ಬಿಗಿ ಪ್ರತಿ ಪಿನ್ನಿನ ಮೇಲೂ ಹಗಲು ರಾತ್ರಿ ಕೂತಿರುತ್ತದೆ. ಸವೆತ ಇನ್ನಷ್ಟು ಬೇಗ ಆಗುತ್ತದೆ, ಚೈನ್ ಇನ್ನಷ್ಟು ಉದ್ದವಾಗುತ್ತದೆ, ಇನ್ನೂ ಬಿಗಿಯುತ್ತಾರೆ. ಹೆಡ್ ಸ್ಪ್ರಾಕೆಟ್ ದಾಟಿದ ಮೇಲೆ ಚೈನ್ ಸ್ವಲ್ಪ ಜೋತು ಬಿದ್ದು ಹಲ್ಲನ್ನು ಸಲೀಸಾಗಿ ಬಿಡುತ್ತಿದ್ದರೆ ಅಷ್ಟು ಸಾಕು.

ಪಿನ್ ಹೊರತೆಗೆದು ನೋಡಿ

ಈ ಇಡೀ ತನಿಖೆಯಲ್ಲಿ ನನಗೆ ಅತಿ ಇಷ್ಟವಾದ ಸಾಕ್ಷಿ ಪಿನ್. ಅದು ಸುಳ್ಳು ಹೇಳುವುದಿಲ್ಲ.

ಒಂದೇ ಕಡೆ ನುಣುಪಾಗಿ, ಮೆಟ್ಟಿಲಿನಂತೆ ಸವೆದಿದ್ದರೆ ಅದು ವಯಸ್ಸಿನ ಸವೆತ. ಕೆಲಸ ಮಾಡಿ ಸವೆದಿದೆ. ಸುತ್ತಲೂ ಸವೆದಿದ್ದರೆ ಪಿನ್ ಪ್ಲೇಟಿನಲ್ಲಿ ತಿರುಗುತ್ತಿದೆ, ಪ್ರೆಸ್ ಫಿಟ್ (ಒತ್ತಿ ಕೂರಿಸಿದ ಬಿಗಿ) ಸಡಿಲವಾಗಿದೆ. ಪಿನ್ ತಿರುಗದಂತೆ ತಲೆಗೆ ಚಪ್ಪಟೆ ಮುಖ ಕೊಟ್ಟು ಪ್ಲೇಟಿನಲ್ಲಿ ಅದೇ ಆಕಾರದ ತೂತು ಮಾಡುವುದು ಹಳೆಯ, ಒಳ್ಳೆಯ ಉಪಾಯ. ಕೆಂಪು ಕಂದು ಬಣ್ಣದ ಪುಡಿ ಉದುರಿದರೆ ಕೀಲಿಗೆ ಆಯಿಲ್ ಮುಟ್ಟಿಯೇ ಇಲ್ಲ. ಉದ್ದುದ್ದ ಗೀರುಗಳಿದ್ದರೆ ಮರಳು, ಬೂದಿ, ಸಿಮೆಂಟಿನಂಥ ಪುಡಿ ಒಳಗೆ ಸೇರಿದೆ. ಲೋಹ ಕಿತ್ತು ಅಂಟಿಕೊಂಡ ಗುರುತಿದ್ದರೆ ಪಿನ್ನಿಗೂ ಬುಶ್ಶಿಗೂ ಒಂದೇ ಜಾತಿಯ ಮೆದು ಲೋಹ ಹಾಕಿದ್ದಾರೆಯೇ ನೋಡಿ. ಮಾಮೂಲಿ ಸ್ಟೇನ್‌ಲೆಸ್ ಪಿನ್, ಅದೇ ಸ್ಟೇನ್‌ಲೆಸ್ ಬುಶ್ ಜೋಡಿಯಾದರೆ ಇದೇ ಗತಿ.

ಆಯಿಲ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಚೈನಿನ ಹೊರಗೆ ಮೆತ್ತಿದ ಗ್ರೀಸ್ ಪಿನ್ನಿಗೆ ತಲುಪುವುದಿಲ್ಲ. ಹೊರಗೆ ಕೂತು ಧೂಳು ಹಿಡಿದು ಅರೆಯುವ ಹಿಟ್ಟಾಗುತ್ತದೆ. ತೆಳು ಆಯಿಲನ್ನು ಚೈನ್ ಸಡಿಲವಿರುವ ಸಾಲಿನಲ್ಲಿ, ಒಳ ಪ್ಲೇಟು ಹೊರ ಪ್ಲೇಟು ಕೂಡುವ ಸಂದಿಗೆ ಬಿಡಬೇಕು. ಬಿಗಿ ಸಾಲಿನಲ್ಲಿ ಪಿನ್ ಬುಶ್ಶಿಗೆ ಒತ್ತಿಕೊಂಡಿರುತ್ತದೆ, ಆಯಿಲ್ ಒಳಗೆ ಹೋಗಲು ದಾರಿ ಇರುವುದಿಲ್ಲ. ಧೂಳು ವಿಪರೀತ ಇದ್ದರೆ ಪಿನ್ನಿನ ನಡುವೆ ತೂತು ಕೊರೆದು ಗ್ರೀಸ್ ನಿಪ್ಪಲ್ ಕೊಡುವ ವಿನ್ಯಾಸ, ಅಥವಾ ಸೀಲ್ ಇರುವ ಕೀಲು ನೋಡಬೇಕಾಗುತ್ತದೆ.

ಈಗ ಒಂದು ಅರದಿಂದ ಪಿನ್ನನ್ನು ಉಜ್ಜಿ. ಸವೆಯದ ಜಾಗದಲ್ಲಿ ಅರ ಜಾರಿ, ಸವೆದ ಜಾಗದಲ್ಲಿ ಕಚ್ಚಿದರೆ ಗಟ್ಟಿ ಪದರ ಮುಗಿದು ಒಳಗಿನ ಮೆದು ಭಾಗ ಬಂದಿದೆ. ಬಾಳಿಕೆಯ ಗುಟ್ಟು ಇಲ್ಲೇ ಇದೆ. ಒಳ್ಳೆಯ ಪಿನ್ನಿನ ಹೊರಪದರ ರಾಕ್‌ವೆಲ್ ಸಿ (ಗಟ್ಟಿತನ ಅಳೆಯುವ ಮಾಪಕ) 58ರ ಆಸುಪಾಸು ಗಟ್ಟಿ ಇರುತ್ತದೆ, ಒಳಗೆ ಪೆಟ್ಟು ತಡೆಯುವಷ್ಟು ಮೆದು. 100 ಮಿ.ಮೀ. ಪಿಚ್ಚಿಗೆ 2 ಶೇಕಡಾ ಮಿತಿ ಎಂದರೆ ಒಂದು ಕೀಲಿಗೆ ಒಟ್ಟು 2 ಮಿ.ಮೀ. ಸವೆತ. ಪಿನ್ನೂ ಬುಶ್ಶೂ ಸಮವಾಗಿ ಹಂಚಿಕೊಂಡರೆ ತಲಾ 1 ಮಿ.ಮೀ. ನಿಮ್ಮ ಪಿನ್ನಿನ ಗಟ್ಟಿ ಪದರ 0.6 ಮಿ.ಮೀ. ಮಾತ್ರ ಇದ್ದರೆ? ಆಯಸ್ಸಿನ ಅರ್ಧಕ್ಕಿಂತ ಸ್ವಲ್ಪ ಮುಂದೆ ಪದರ ಮುಗಿಯುತ್ತದೆ, ಉಳಿದದ್ದು ನೋಡನೋಡುತ್ತಿದ್ದಂತೆ ಸವೆಯುತ್ತದೆ. "ಮೊದಲು ಚೆನ್ನಾಗೇ ಇತ್ತು, ಆಮೇಲೆ ಒಂದೇ ಸಲ ಹಾಳಾಯಿತು" ಎನ್ನುವ ದೂರು ಕೇಳಿದರೆ ನನ್ನ ಮೊದಲ ಅನುಮಾನ ಇದರ ಮೇಲೆ. ಡ್ರಾಯಿಂಗಿನಲ್ಲಿ ಗಟ್ಟಿತನ ಬರೆದು ಪದರದ ಆಳ ಬರೆಯದೆ ಬಿಟ್ಟಿರುತ್ತಾರೆ.

ಪದರ ಸರಿ ಇದ್ದೂ ಬೇಗ ಸವೆಯುತ್ತಿದ್ದರೆ ಒತ್ತಡದ ಲೆಕ್ಕ ಹಾಕಿ. ಚೈನಿನ ಎಳೆತವನ್ನು ಪಿನ್ನಿನ ವ್ಯಾಸ ಮತ್ತು ಬುಶ್ಶಿನ ಉದ್ದದ ಗುಣಲಬ್ಧದಿಂದ ಭಾಗಿಸಿದರೆ ಸಾಕು. 20,000 ನ್ಯೂಟನ್ ಎಳೆತ, 20 ಮಿ.ಮೀ. ಪಿನ್, 50 ಮಿ.ಮೀ. ಬುಶ್: ಚದರ ಮಿಲಿಮೀಟರಿಗೆ 20 ನ್ಯೂಟನ್. ಪಿನ್ 25 ಮಾಡಿದರೆ 16ಕ್ಕೆ ಇಳಿಯುತ್ತದೆ. ಚೈನ್ ತಯಾರಿಸಿದವರ ಕ್ಯಾಟಲಾಗಿನ ಮಿತಿಗೆ ಇದನ್ನು ಹೋಲಿಸಿ. ಆದರೆ ಪಿನ್ ದಪ್ಪ ಮಾಡಿದರೆ ಬುಶ್ ದಪ್ಪ, ತೂತು ದೊಡ್ಡದು. ಪ್ಲೇಟಿನ ಅಗಲ ಹಾಗೇ ಉಳಿದರೆ ತೂತಿನ ಪಕ್ಕ ಉಳಿಯುವ ಲೋಹ ಕಡಿಮೆ. ಸವೆತ ತಪ್ಪಿಸಲು ಹೋಗಿ ಮುರಿತ ತಂದುಕೊಳ್ಳುತ್ತೀರಿ.

ಮುರಿದ ಮುಖ

ಒಳ್ಳೆಯ ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ನೋಡಿ.

ಒಂದು ಭಾಗ ನುಣುಪಾಗಿದ್ದು, ಅದರ ಮೇಲೆ ನೀರಿನ ಅಲೆಯಂಥ ಕಮಾನು ಗೆರೆಗಳಿದ್ದು, ಇನ್ನೊಂದು ಭಾಗ ಒರಟಾಗಿದ್ದರೆ ಅದು ಫಟೀಗ್. ಸಣ್ಣ ಬಿರುಕು ದಿನದಿನಕ್ಕೂ ಬೆಳೆದು, ಉಳಿದ ಲೋಹಕ್ಕೆ ಭಾರ ತಡೆಯಲಾಗದ ದಿನ ಮುರಿದಿದೆ. ಕಮಾನುಗಳು ಯಾವ ಬಿಂದುವಿನಿಂದ ಹೊರಟಿವೆ ನೋಡಿ. ಬಹುತೇಕ ತೂತಿನ ಅಂಚಿನಿಂದಲೇ. ಪಂಚ್ ಮಾಡಿದ ತೂತಿನ ಒಳಮೈ ಹರಿದಂತೆ ಒರಟಾಗಿರುತ್ತದೆ, ಬಿರುಕಿಗೆ ಅಲ್ಲೇ ಬೀಜ. ಹೊಸ ಪ್ಲೇಟಿಗೆ ತೂತನ್ನು ರೀಮರ್ ಹಾಕಿ ನುಣುಪು ಮಾಡಿಸಿ, ಅಂಚನ್ನು ಸ್ವಲ್ಪ ಉರುಟಿಸಿ, ಪ್ರೆಸ್ ಫಿಟ್ ಸರಿಯಾಗಿರಲಿ. ದಪ್ಪ ಹೆಚ್ಚಿಸುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಒರಟು ಭಾಗ ಚಿಕ್ಕದಿದ್ದರೆ ಮಾಮೂಲಿ ಭಾರ ಹೆಚ್ಚಿರಲಿಲ್ಲ, ಬಿರುಕಿನ ಮೂಲವೇ ಅಪರಾಧಿ. ಒರಟು ಭಾಗವೇ ದೊಡ್ಡದಿದ್ದರೆ ಭಾರವೇ ಜಾಸ್ತಿ.

ಪಿನ್ ಬಗ್ಗಿ, ಪ್ಲೇಟು ತೆಳುವಾಗಿ ಎಳೆದುಕೊಂಡು ಮುರಿದಿದ್ದರೆ ಒಂದೇ ಸಲದ ಅತಿಭಾರ. ಏನೋ ಸಿಕ್ಕಿಹಾಕಿಕೊಂಡಿತ್ತು. ಸಿಕ್ಕಿದ್ದು ಏನು ಎಂದು ಹುಡುಕಿ, ಚೈನಿಗಿಂತ ಮೊದಲು ಸೋಲುವ ಶಿಯರ್ ಪಿನ್ ಅಥವಾ ಟಾರ್ಕ್ ಲಿಮಿಟರ್ ಇದೆಯೇ ನೋಡಿ. ಯಾರೋ ಶಿಯರ್ ಪಿನ್ ಬದಲು ಗಟ್ಟಿ ಬೋಲ್ಟ್ ತುರುಕಿರುವುದೂ ಉಂಟು! ಕನ್ವೇಯರ್ ಚೈನಿಗೆ ಸಾಮಾನ್ಯವಾಗಿ ಮುರಿಯುವ ಭಾರದ ಎಂಟನೇ ಒಂದು ಭಾಗದಷ್ಟೇ ಕೆಲಸದ ಎಳೆತ ಬರುವಂತೆ ಲೆಕ್ಕ ಹಾಕುತ್ತಾರೆ. ತುಂಬಿದ ಕನ್ವೇಯರನ್ನು ನೇರ ಸ್ಟಾರ್ಟರಿನಲ್ಲಿ ಒಮ್ಮೆಲೇ ಎಬ್ಬಿಸಿದರೆ ಆ ಅಂತರ ಬೇಗ ಕರಗುತ್ತದೆ.

ಬಗ್ಗದೆ, ತೆಳುವಾಗದೆ, ಬೆಲ್ಲದ ತುಂಡಿನಂತೆ ಪಟ್ಟನೆ ಮುರಿದು ಹರಳು ಹರಳಾಗಿ ಕಂಡರೆ ಲೋಹ ಪೆಡಸಾಗಿದೆ. "ಬೇಗ ಸವೆಯುತ್ತದೆ, ಇನ್ನೂ ಗಟ್ಟಿ ಮಾಡಿ" ಎಂದು ಒಳಗಿನವರೆಗೂ ಗಟ್ಟಿ ಮಾಡಿಸಿದ ಪಿನ್ನುಗಳ ಕಥೆ ಹೀಗೇ ಮುಗಿಯುತ್ತದೆ. ಗಟ್ಟಿ ಮಾಡಿದ ಪಿನ್ನಿಗೆ ತುಕ್ಕು ಹಿಡಿಯದಿರಲೆಂದು ಸತು ಪ್ಲೇಟಿಂಗ್ ಮಾಡಿಸಿದ್ದರೆ ಅದನ್ನೂ ಅನುಮಾನಿಸಿ. ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಲೋಹದೊಳಗೆ ಸೇರುತ್ತದೆ. ಆಮೇಲೆ ಬಿಸಿ ಮಾಡಿ ಅದನ್ನು ಓಡಿಸದಿದ್ದರೆ, ಜೋಡಿಸಿದ ಕೆಲವು ಗಂಟೆ ಅಥವಾ ದಿನಗಳಲ್ಲಿ ತಾನಾಗಿ ಮುರಿಯಬಹುದು.

ಮುರಿತ ವೆಲ್ಡಿಂಗ್ ಪಕ್ಕದಲ್ಲೇ ಇದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಬಿಸಿ ತಗುಲಿದ ಪಟ್ಟಿಯಲ್ಲಿ ಹೀಟ್ ಟ್ರೀಟ್‌ಮೆಂಟ್ ಹಾಳಾಗಿದೆ. ರಾತ್ರಿ ಪಾಳಿಯಲ್ಲಿ ವೆಲ್ಡ್ ಮಾಡಿದ ಲಿಂಕ್ ಬೆಳಗಿನವರೆಗೆ ಮಾತ್ರ.

ಸ್ಪ್ರಾಕೆಟ್ ಮತ್ತು ರೋಲರ್

ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಅದಕ್ಕೆ ಹೊಸ ಚೈನ್ ಹಾಕಬೇಡಿ. ಹಳೆಯ ಪಿಚ್ಚಿಗೆ ಹೊಂದಿಕೊಂಡ ಹಲ್ಲು ಹೊಸ ಚೈನನ್ನು ವಾರಗಳಲ್ಲೇ ತನ್ನ ಅಳತೆಗೆ ಎಳೆದುಕೊಳ್ಳುತ್ತದೆ. ಹಲ್ಲಿನ ಎರಡು ಮುಖಗಳಲ್ಲಿ ಒಂದೇ ಸವೆದಿದ್ದು, ಸ್ಪ್ರಾಕೆಟ್ ಎರಡೂ ಕಡೆ ಒಂದೇ ಆಕಾರದ್ದಾಗಿದ್ದರೆ ತಿರುಗಿಸಿ ಹಾಕಿ ಇನ್ನೊಂದು ಮುಖ ಬಳಸಬಹುದು. ಹಲ್ಲಿನ ಪಕ್ಕ ಹೊಳೆಯುತ್ತಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಹೆಡ್ ಮತ್ತು ಟೈಲ್ ಶಾಫ್ಟಿನ ನಡುವೆ ಎರಡು ಕರ್ಣಗಳನ್ನು ಅಳೆಯಿರಿ, ಸಮ ಬರಬೇಕು. ಎರಡು ಸಾಲಿನ ಚೈನ್ ಆದರೆ ಟೈಲ್ ಶಾಫ್ಟಿನ ಒಂದು ಸ್ಪ್ರಾಕೆಟ್ಟಿಗೆ ಮಾತ್ರ ಕೀ ಹಾಕಿ, ಇನ್ನೊಂದನ್ನು ಸ್ವತಂತ್ರವಾಗಿ ತಿರುಗಲು ಬಿಡುವುದು ರೂಢಿ. ಎರಡಕ್ಕೂ ಕೀ ಬಿಗಿದಿದ್ದರೆ ಸಾಲುಗಳು ಒಂದರೊಡನೆ ಒಂದು ಜಗಳವಾಡುತ್ತವೆ.

ಒದ್ದೆ ಪುಡಿ ಸಾಗಿಸುವ ಕಡೆ ಹಲ್ಲಿನ ಬುಡದಲ್ಲಿ ಸರಕು ಮೆತ್ತಿಕೊಂಡು ಚೈನನ್ನು ಮೇಲೆ ಎತ್ತುತ್ತದೆ. ನೋಡಲು ಚೈನ್ ಉದ್ದವಾದಂತೆಯೇ ಕಾಣುತ್ತದೆ. ಅಳೆಯದೆ ಚೈನ್ ಬದಲಿಸಿದವರು ಇಲ್ಲಿ ಮೋಸ ಹೋಗುತ್ತಾರೆ. ಬೇಕಾದದ್ದು ಹಲ್ಲಿನ ಬುಡದಲ್ಲಿ ಸರಕು ಹೊರಬೀಳಲು ಒಂದು ಸಂದಿ.

ರೋಲರಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಕನ್ವೇಯರ್ ಓಡಿಸಿ. ಗೆರೆ ತಿರುಗದಿದ್ದರೆ ರೋಲರ್ ಜಾರುತ್ತಿದೆ. ಕೆಲವು ದಿನ ಬಿಟ್ಟರೆ ಒಂದು ಕಡೆ ಚಪ್ಪಟೆಯಾಗುತ್ತದೆ. 30 ಮಿ.ಮೀ. ಬುಶ್ಶಿನ ಮೇಲೆ 90 ಮಿ.ಮೀ. ರೋಲರ್ ಸರಿಯಾಗಿ ಉರುಳುತ್ತಿದ್ದರೆ ಬುಶ್ಶಿನ ಘರ್ಷಣೆಯ ಸುಮಾರು ಮೂರನೇ ಒಂದು ಭಾಗ ಮಾತ್ರ ಚೈನಿಗೆ ತಟ್ಟುತ್ತದೆ. ನಿಂತರೆ ಪೂರ್ತಿ ತಟ್ಟುತ್ತದೆ. ಹತ್ತಾರು ರೋಲರ್ ನಿಂತ ಕನ್ವೇಯರಿನಲ್ಲಿ ಪಿನ್ ಮುರಿದರೆ ಪಿನ್ನಿನ ತಪ್ಪೇನಿದೆ?

ಬಿಸಿ ಜಾಗಕ್ಕೆ ಎರಡೇ ಮಾತು. 30 ಮೀಟರ್ ಉಕ್ಕಿನ ಚೈನ್ 100 ಡಿಗ್ರಿ ಬಿಸಿಯಾದರೆ ಸುಮಾರು 36 ಮಿ.ಮೀ. ಬೆಳೆಯುತ್ತದೆ, ಹಾಗಾಗಿ ಸ್ಕ್ರೂ ಟೇಕಪ್ ಬದಲು ಸ್ಪ್ರಿಂಗ್ ಅಥವಾ ತೂಕದ ಟೇಕಪ್ ಬೇಕು. ಚೈನಿನ ಮೈ 200 ಡಿಗ್ರಿ ದಾಟುವ ಕಡೆ ಮಾಮೂಲಿ ಕೇಸ್ ಹಾರ್ಡನಿಂಗ್ ಮಾಡಿದ ಗಟ್ಟಿ ಹೊರಪದರ ಮೆದುವಾಗತೊಡಗುತ್ತದೆ, ಉಕ್ಕಿನ ಆಯ್ಕೆಯೇ ಬೇರೆಯಾಗಬೇಕು.

ಹೊಸ ಭಾಗ ಹಾಕಿ ನೋಡುವಾಗ

ಕಾರಣ ಸಿಕ್ಕಿತು, ಪಿನ್ನಿನ ಲೋಹ ಬದಲಿಸಿದ್ದೀರಿ. ಹಳೆಯ ಚೈನಿನ ನಡುವೆ ನಾಲ್ಕು ಹೊಸ ಲಿಂಕ್ ಸೇರಿಸಿ ಪರೀಕ್ಷೆ ಮಾಡಬೇಡಿ. ಹೊಸದರ ಪಿಚ್ ಚಿಕ್ಕದು, ಹಳೆಯದರದ್ದು ದೊಡ್ಡದು, ಹಲ್ಲಿನ ಮೇಲೆ ಎರಡಕ್ಕೂ ಪೆಟ್ಟು. ಚೈನ್ ಪೂರ್ತಿ ಬದಲಿಸುವ ದಿನಕ್ಕೆ ಕಾಯಿರಿ. ಆಗ ಹೊಸ ಚೈನಿನಲ್ಲೇ ಒಂದು ಹತ್ತು ಪಿಚ್ ಹಳೆಯ ಥರದ ಪಿನ್, ಪಕ್ಕದ ಹತ್ತು ಪಿಚ್ ಹೊಸ ಥರದ ಪಿನ್ ಹಾಕಿ, ಪ್ಲೇಟಿಗೆ ಪಂಚಿನಲ್ಲಿ ಗುರುತು ಹೊಡೆಯಿರಿ. ಎರಡೂ ಅದೇ ಭಾರ, ಅದೇ ಧೂಳು, ಅದೇ ಆಯಿಲಿನಲ್ಲಿ ಓಡುತ್ತವೆ. ಮೊದಲ ಕೆಲವು ದಿನ ಎರಡೂ ಸ್ವಲ್ಪ ಬೇಗ ಉದ್ದವಾಗುತ್ತವೆ, ಪಿನ್ನು ಬುಶ್ಶು ಒಂದಕ್ಕೊಂದು ಕೂರುವ ಕಾಲ ಅದು. ಆ ಕಾಲ ಕಳೆದ ಮೇಲಿನ ಅಳತೆಯನ್ನೇ ಆರಂಭವೆಂದು ಬರೆದಿಟ್ಟುಕೊಂಡು, ತಿಂಗಳಿಗೊಮ್ಮೆ ಎರಡೂ ತುಣುಕಿಗೆ ಅದೇ ಟೇಪು ಹಿಡಿಯಿರಿ.